ಗಡಿಭಾಗದ ರೋಗಿ, ಡಿಜಿಟಲ್ ದಾಖಲೆ ಮತ್ತು ವೈದ್ಯರ ಮೇಲಿನ ನಂಬಿಕೆ: ಉಗಾರ ಬುದ್ರುಕ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸಾರಾಂಶ

ಡಿಜಿಟಲ್ ಆರೋಗ್ಯ ಸೇವೆಯಲ್ಲಿ ರೋಗಿಯ ಒಪ್ಪಿಗೆ ಬಹುಮಟ್ಟಿಗೆ ಮೊಬೈಲಿಗೆ ಬರುವ ಓಟಿಪಿಯಾಗಿ ಇಳಿದಿದೆ. ಮನೆಮಂದಿಗೆಲ್ಲ ಒಂದೇ ಮೊಬೈಲು ಇರುವಲ್ಲಿ ಒಪ್ಪಿಗೆಯೂ ಗೋಪ್ಯತೆಯೂ ಸಡಿಲಗೊಳ್ಳುತ್ತವೆ. ಆರೋಗ್ಯ ಕಾರ್ಯಕರ್ತೆ ಕೊಡುವ ವಿವರಣೆಯನ್ನು ಚಿಕಿತ್ಸೆಯ ಅಂಗವೆಂದೇ ಎಣಿಸಬೇಕೆಂಬುದು ಈ ಲೇಖನದ ವಾದ.

ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕ ಕೃಷ್ಣಾ ತೀರದ, ಕಬ್ಬಿನ ಸೀಮೆಯ ಊರು. ಈ ಭಾಗದವರು ದೊಡ್ಡ ಕಾಯಿಲೆಗೆ ಮಹಾರಾಷ್ಟ್ರದ ಮಿರಜದ ದಾರಿ ಹಿಡಿಯುವುದು ಹಳೆಯ ರೂಢಿ. ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲೇ ಮಿಶನ್ ಆಸ್ಪತ್ರೆ ತೆರೆದಿದ್ದರು. ಹೀಗಾಗಿ ಒಬ್ಬರದೇ ಚೀಟಿ, ರಿಪೋರ್ಟುಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತವೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ಆಭಾ ಸಂಖ್ಯೆ ಇವನ್ನು ಕೂಡಿಸಬಲ್ಲದು. ದಾಖಲೆ ಆಯಾ ಆಸ್ಪತ್ರೆಯಲ್ಲೇ ಉಳಿಯಬೇಕು, ರೋಗಿ ಒಪ್ಪಿದರೆ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣಬೇಕು ಎಂಬುದು ಅದರ ಮೂಲ ನಿಯಮ. ಗಡಿಭಾಗದ ಜನರಿಗೆ ಇದು ನಿಜವಾದ ಉಪಕಾರ.

ಒಪ್ಪಿಗೆಯ ಸ್ವರೂಪ

ಒಪ್ಪಿಗೆ ಆಯಾ ಕೆಲಸಕ್ಕಷ್ಟೇ ಸೀಮಿತ: ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪಿತ್ತಿತು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಇಲ್ಲಿ ಸೂಕ್ಷ್ಮವಾಗಿದೆ: ರೋಗಿಯೇ ವೈದ್ಯರನ್ನು ಸಂಪರ್ಕಿಸಿದರೆ ಒಪ್ಪಿಗೆ ಇದೆಯೆಂದೇ ಅರ್ಥ, ಆರೋಗ್ಯ ಕಾರ್ಯಕರ್ತೆ ಸಂಪರ್ಕಿಸಿದರೆ ಸ್ಪಷ್ಟ ಒಪ್ಪಿಗೆ ಬೇಕು. ಸರ್ಕಾರದ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವನಿಯಲ್ಲಿ ಹಳ್ಳಿಯ ರೋಗಿಯನ್ನು ದೂರದ ವೈದ್ಯರೊಂದಿಗೆ ಮಾತಿಗೆ ಕೂರಿಸುವವರು ಸಮುದಾಯ ಆರೋಗ್ಯಾಧಿಕಾರಿಗಳು. ಆದ್ದರಿಂದ ಹಳ್ಳಿಗೆ ಅನ್ವಯಿಸುವುದು ಎರಡನೆಯ ನಿಯಮವೇ.

ಈ ಸ್ಪಷ್ಟ ಒಪ್ಪಿಗೆ ಓಟಿಪಿಯಾಗಿ ಇಳಿಯುವ ಬಗೆಗೆ ನಿದರ್ಶನವಾಗಿ ಒಂದು ಸನ್ನಿವೇಶ ಕಲ್ಪಿಸಿಕೊಳ್ಳಬಹುದು. ಶುಗರ್ ಇರುವ ಅಜ್ಜಿಯೊಬ್ಬರು ಆರೋಗ್ಯ ಉಪಕೇಂದ್ರಕ್ಕೆ ಬರುತ್ತಾರೆ. "ಆಯಿ, ಮೊಬೈಲಿಗಿ ನಂಬರ್ ಬಂದೈತಿ ನೋಡ್ರಿ, ಹೇಳ್ರಿ" ಎಂದರೆ, ಮೊಬೈಲು ಮಗನ ಬಳಿ, ಮಗ ಕಬ್ಬಿನ ಗದ್ದೆಯಲ್ಲಿ. ಫೋನು ಮಾಡಿ ಅಂಕಿ ಕೇಳಿ ತುಂಬುತ್ತಾರೆ, ಕೆಲಸ ಮುಗಿಯುತ್ತದೆ. ಯಾವ ದಾಖಲೆ, ಯಾರಿಗೆ, ಎಷ್ಟು ದಿನ ಎಂಬುದು ಮಾತ್ರ ಅಜ್ಜಿಗೆ ತಿಳಿಯದು. ವ್ಯವಸ್ಥೆಯ ಲೆಕ್ಕದಲ್ಲಿ ಒಪ್ಪಿಗೆ ಸಿಕ್ಕಿದೆ. ಸಿಕ್ಕಿರುವುದು ಮಗನ ಅಂಕಿ.

ಮನೆಯೊಳಗಿನ ಗೋಪ್ಯತೆ

ಡಿಜಿಟಲ್ ಗೋಪ್ಯತೆಯ ಚರ್ಚೆ ಹ್ಯಾಕಿಂಗ್ ಸುತ್ತಲೇ ತಿರುಗುತ್ತದೆ. ಹಳ್ಳಿಯ ಹೆಣ್ಣುಮಗಳಿಗೆ ಅದಕ್ಕಿಂತ ಹತ್ತಿರದ ಅಂಜಿಕೆ ಮನೆಯ ಮೊಬೈಲಿನದು. ಗರ್ಭನಿರೋಧ, ಕ್ಷಯ, ಮಾನಸಿಕ ಕಾಯಿಲೆಯ ಸಂದೇಶ ಗಂಡನೋ ಅತ್ತೆಯೋ ಓದುವಂತಿದ್ದರೆ ಆಕೆ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಮಿರಜದಲ್ಲಿ ಬರೆಸಿಕೊಂಡ ಗುಳಿಗೆಯನ್ನೂ ಮುಚ್ಚಿಟ್ಟರೆ, ಅದರ ಜೊತೆಗೆ ಕೊಡಬಾರದ ಔಷಧವನ್ನು ವೈದ್ಯರು ಅರಿಯದೆ ಬರೆಯಬಹುದು. ರೋಗಿಗೆ ಎಲ್ಲವೂ ತಿಳಿಯಬೇಕು, ಉಳಿದವರಿಗೆ ಆಕೆ ಬಯಸಿದಷ್ಟೇ ತಿಳಿಯಬೇಕು. ಈ ಎರಡೂ ಕೂಡಿದಾಗಲೇ ಪಾರದರ್ಶಕತೆ ನಂಬಿಕೆಯಾಗುತ್ತದೆ.

ಉಪಸಂಹಾರ

ಆಧಾರಗಳು ಕಾನೂನಿನಲ್ಲೇ ಇವೆ. ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯ ಕೋರಿಕೆ ಸರಳವಾಗಿರಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಸಿಗುವಂತಿರಬೇಕು. ಕನ್ನಡ, ಮರಾಠಿ ಎರಡೂ ಅಲ್ಲಿವೆ. ಇವು ಉಪಕೇಂದ್ರದ ಮೇಜಿಗೆ ಇಳಿಯಬೇಕಾದರೆ ಓಟಿಪಿ ಕೇಳುವ ಮುನ್ನ ಆರೋಗ್ಯಾಧಿಕಾರಿ ಮೂರು ಮಾತು ಹೇಳಬೇಕು: ಆಚೆ ಇರುವ ವೈದ್ಯರು ಯಾರು, ದಾಖಲೆ ಯಾರು ನೋಡುತ್ತಾರೆ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಸಂದೇಶ ಯಾವ ಮೊಬೈಲಿಗೆ ಹೋಗಲಿ ಎಂದೂ ಕೇಳಬೇಕು. ಇದಕ್ಕೆ ತಗಲುವ ಸಮಯವನ್ನು ಆರೋಗ್ಯಾಧಿಕಾರಿಯ ಕೆಲಸದ ಲೆಕ್ಕಕ್ಕೆ ಸೇರಿಸುವುದು ಆರೋಗ್ಯ ಇಲಾಖೆಯ ಹೊಣೆ.