ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಸೈಕಲ್ ಸವಾರಿ

ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶದಲ್ಲಿ ಹೊಲಗಳ ನಡುವೆ ಸಾಗುವ ಕಿರುದಾರಿಗಳನ್ನು 'ಲೇನ್' ಎನ್ನುತ್ತಾರೆ. ಹಲವು ಲೇನ್‌ಗಳ ಅಗಲ ಒಂದು ವಾಹನಕ್ಕಷ್ಟೇ ಸಾಕಾಗುತ್ತದೆ. ಡೆವನ್ ಪ್ರಾಂತ್ಯದಲ್ಲಿ ಇಕ್ಕೆಲದ ಮಣ್ಣಿನ ದಿಬ್ಬಗಳ ಮೇಲೆ ಗಿಡಗಳ ಬೇಲಿ ಎತ್ತರಕ್ಕೆ ಬೆಳೆದಿರುವುದರಿಂದ ತಿರುವಿನಾಚೆ ಬರುವ ವಾಹನ ಕಾಣುವುದಿಲ್ಲ.

ಈ ದಾರಿಗಳಲ್ಲಿ ಸೈಕಲ್ ಪ್ರವಾಸದ ಪರಂಪರೆ ಹಳೆಯದು. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಸ್ಥಾಪನೆಯಾದ ಬೈಸಿಕಲ್ ಟೂರಿಂಗ್ ಕ್ಲಬ್ ಇಂದು 'ಸೈಕ್ಲಿಂಗ್ ಯುಕೆ' ಎಂಬ ಹೆಸರಿನಲ್ಲಿ ಮುಂದುವರಿದಿದೆ. 1888ರ ಸ್ಥಳೀಯ ಸರ್ಕಾರ ಕಾಯ್ದೆಯು ಸೈಕಲ್ಲನ್ನು ಗಾಡಿಯೆಂದು ಪರಿಗಣಿಸಿ, ರಸ್ತೆಯ ಮೇಲೆ ಅದಕ್ಕಿರುವ ಹಕ್ಕನ್ನು ಖಚಿತಪಡಿಸಿತು.

ಆದರೆ ದಾರಿ ನಿಶ್ಶಬ್ದವಾಗಿದ್ದ ಮಾತ್ರಕ್ಕೆ ಸುರಕ್ಷಿತವೆನ್ನಲಾಗದು. ಪ್ರತ್ಯೇಕ ಫಲಕವೂ ಬೀದಿದೀಪವೂ ಇಲ್ಲದ ಲೇನ್‌ನಲ್ಲಿ ಕಾರುಗಳಿಗೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ವೇಗಮಿತಿ ಅನ್ವಯಿಸುತ್ತದೆ. 2000ದ ಸಾರಿಗೆ ಕಾಯ್ದೆಯು ಇಂತಹ ದಾರಿಗಳನ್ನು 'ಕ್ವಯಟ್ ಲೇನ್' ಎಂದು ಘೋಷಿಸಲು ಅವಕಾಶ ನೀಡಿತಾದರೂ, ಘೋಷಣೆಯೊಂದರಿಂದಲೇ ವೇಗಮಿತಿ ತಗ್ಗುವುದಿಲ್ಲ.

2022ರಲ್ಲಿ ಪರಿಷ್ಕೃತಗೊಂಡ ರಸ್ತೆ ಸಂಚಾರ ಸಂಹಿತೆಯ ಪ್ರಕಾರ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ಲನ್ನು ಹಿಂದಿಕ್ಕುವ ಚಾಲಕರು ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು. ವೇಗ ಹೆಚ್ಚಿದಂತೆ ಅಂತರವೂ ಹೆಚ್ಚಬೇಕು. ಕಿರಿದಾದ ಲೇನ್‌ನಲ್ಲಿ ಅಷ್ಟು ಸ್ಥಳವಿರುವುದಿಲ್ಲ. ದಾರಿ ಅಗಲವಾಗುವವರೆಗೆ ಹಿಂದೆಯೇ ಕಾಯುವ ಚಾಲಕನ ಸಂಯಮವೇ ಅಲ್ಲಿ ಸವಾರನಿಗೆ ರಕ್ಷೆ.