ನೀತಿ ಸಂಶೋಧನಾ ಪತ್ರಿಕೆಗಳು (ಕರ್ನಾಟಕ)

ಸರ್ಕಾರದ ನೀತಿ, ಯೋಜನೆ, ಕಾನೂನು, ಆಡಳಿತಗಳನ್ನು ಕುರಿತ ಸಂಶೋಧನಾ ಲೇಖನಗಳನ್ನು ವಿಷಯ ಬಲ್ಲವರಿಂದ ಪರೀಕ್ಷೆ ಮಾಡಿಸಿ ಪ್ರಕಟಿಸುವ ನಿಯತಕಾಲಿಕಗಳು. ಈ ಪರೀಕ್ಷೆಗೆ ‘ತಜ್ಞ ವಿಮರ್ಶೆ’ ಎಂದು ಹೆಸರು. ಕಾಲೇಜು, ವಿಶ್ವವಿದ್ಯಾಲಯಗಳ ಮಾತಿನಲ್ಲಿ ಅದು ‘ಪೀರ್ ರಿವ್ಯೂ’. ಕರ್ನಾಟಕದಲ್ಲಿ ಇಂಥ ಬರವಣಿಗೆಯ ಬೇರು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಮೈಸೂರಿನಲ್ಲಿದೆ. ಆರಂಭದ ಪತ್ರಿಕೆಗಳಲ್ಲಿ ಸಂಪಾದಕನ ವಿವೇಚನೆಯೇ ಮುಖ್ಯ ಜರಡಿಯಾಗಿತ್ತು. ಹೊರಗಿನ ತಜ್ಞರ ಲಿಖಿತ ಅಭಿಪ್ರಾಯ ಪಡೆಯುವ ಕ್ರಮ ಬೇರೂರಿದ್ದು ಶತಮಾನದ ಉತ್ತರಾರ್ಧದಲ್ಲಿ.

ಹಿನ್ನೆಲೆ

ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಾಗ ಯಾವ ಲೇಖನ ಅಚ್ಚಾಗಬೇಕೆಂಬ ತೀರ್ಮಾನ ಅವನೊಬ್ಬನದೇ. 1752ರಲ್ಲಿ ಈ ಕೆಲಸ ಒಂದು ಸಮಿತಿಯ ಕೈಗೆ ಬಂತು. 1830ರ ದಶಕದಲ್ಲಿ ತಜ್ಞರಿಂದ ಲಿಖಿತ ವರದಿ ತರಿಸಿಕೊಳ್ಳುವುದು ಶುರುವಾಯಿತು. ಆದರೂ ಪದ್ಧತಿ ಎಲ್ಲೆಡೆ ನಿಯಮವಾಗಲು ಬಹಳ ಕಾಲ ಹಿಡಿಯಿತು. ‘ನೇಚರ್’ನಂಥ ಹೆಸರಾಂತ ಪತ್ರಿಕೆ ಅದನ್ನು ಕಡ್ಡಾಯ ಮಾಡಿಕೊಂಡಿದ್ದು 1973ರಲ್ಲಿ. ನೀತಿ ಅಧ್ಯಯನವನ್ನು ಪ್ರತ್ಯೇಕ ಶಾಸ್ತ್ರವಾಗಿ ರೂಪಿಸಿದವರಲ್ಲಿ ಅಮೆರಿಕದ ಹೆರಾಲ್ಡ್ ಲಾಸ್‌ವೆಲ್ ಪ್ರಮುಖ. ‘ಪಾಲಿಸಿ ಸೈನ್ಸಸ್’ ಪತ್ರಿಕೆ 1970ರಲ್ಲಿ ಹೊರಟಿತು. ಭಾರತದಲ್ಲಿ 1955ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್’ ಆರಂಭವಾಯಿತು. ಮುಂಬಯಿಯಲ್ಲಿ 1949ರಲ್ಲಿ ಹುಟ್ಟಿದ ‘ಎಕನಾಮಿಕ್ ವೀಕ್ಲಿ’ 1966ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಾಗಿ ಮುಂದುವರಿಯಿತು.

ಅರ್ಥಶಾಸ್ತ್ರದ ಪ್ರಕಟಣೆ

ರಾಜ್ಯಭಾರವನ್ನು ಕುರಿತ ಪ್ರಾಚೀನ ಕೃತಿಯೊಂದು ಆಧುನಿಕ ವಿದ್ವಾಂಸರ ಕಣ್ಣಿಗೆ ಬಿದ್ದಿದ್ದು ಮೈಸೂರಿನಿಂದ, ಅದೂ ಪತ್ರಿಕೆಗಳ ಮೂಲಕ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿ ಅವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಅನುವಾದದ ಭಾಗಗಳನ್ನು ಅವರು 1905ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ, ಮುಂದೆ 1909ರವರೆಗೆ ‘ಮೈಸೂರು ರಿವ್ಯೂ’ನಲ್ಲಿ ಪ್ರಕಟಿಸಿದರು. ಸಂಸ್ಕೃತ ಮೂಲ 1909ರಲ್ಲೂ ಪೂರ್ಣ ಇಂಗ್ಲಿಷ್ ಅನುವಾದ 1915ರಲ್ಲೂ ಪುಸ್ತಕವಾಗಿ ಬಂದವು. ಜರ್ಮನಿಯ ಹರ್ಮನ್ ಯಾಕೋಬಿ ಈ ಕೃತಿ ಮೌರ್ಯರ ಕಾಲದ್ದೆಂದರು. ಯೂಲಿಯುಸ್ ಯೋಲಿ, ವಿಂಟರ್ನಿಟ್ಜ್ ಮೊದಲಾದವರು ಈಚಿನದೆಂದು ವಾದಿಸಿದರು. ಅಂದರೆ ಮೈಸೂರಿನ ಈ ಶೋಧಕ್ಕೆ ನಿಜವಾದ ಪರೀಕ್ಷೆ ನಡೆದದ್ದು ಅಚ್ಚಾಗುವ ಮುನ್ನ ಅಲ್ಲ, ಅಚ್ಚಾದ ಮೇಲೆ.

ಸಂಸ್ಥಾನದ ಕಾಲದ ಪತ್ರಿಕೆಗಳು

ಬೆಂಗಳೂರಿನಲ್ಲಿ 1909ರಲ್ಲಿ ಆರಂಭವಾದ ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಚರಿತ್ರೆ ಮತ್ತು ಸಂಸ್ಕೃತಿ ಕುರಿತ ವಿದ್ವತ್ ಲೇಖನಗಳಿಗೆ ನೆಲೆಯಾಯಿತು. 1911ರಲ್ಲಿ ಎಂ. ವಿಶ್ವೇಶ್ವರಯ್ಯ ಅವರ ಪ್ರಯತ್ನದಿಂದ ಮೈಸೂರು ಆರ್ಥಿಕ ಸಮ್ಮೇಳನ ಏರ್ಪಟ್ಟು, ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಕುರಿತ ಸಮಿತಿಗಳು ಅಂಕಿಅಂಶ ಕಲೆಹಾಕಿ ವರದಿ ಕೊಡತೊಡಗಿದವು. ಅದೇ ದಶಕದಲ್ಲಿ ಸಿ. ಹಯವದನ ರಾವ್ ಸಂಪಾದಕತ್ವದ ‘ಮೈಸೂರು ಎಕನಾಮಿಕ್ ಜರ್ನಲ್’ ಬೆಂಗಳೂರಿನಿಂದ ಹೊರಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, 1927ರಲ್ಲಿ ತನ್ನ ಅರ್ಧವಾರ್ಷಿಕ ಸಂಶೋಧನಾ ಪತ್ರಿಕೆಯನ್ನು ತಂದಿತು. ಇವೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ಕ್ಕೆ ಎ.ಆರ್. ಕೃಷ್ಣಶಾಸ್ತ್ರಿ ಮೊದಲ ಸಂಪಾದಕರು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು.

ಸಾರ್ವಜನಿಕ ನೀತಿಗೇ ಮೀಸಲಾದ ಚರ್ಚೆಗೆ ದಾರಿ ಹಾಕಿದವರು ಡಿ.ವಿ. ಗುಂಡಪ್ಪ. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದ್ದ ಅವರು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, 1949ರಿಂದ ‘ಪಬ್ಲಿಕ್ ಅಫೇರ್ಸ್’ ಮಾಸಿಕವನ್ನು ತಂದರು. ಸಂವಿಧಾನ, ಚುನಾವಣೆ, ಆಡಳಿತ ಅದರ ವಸ್ತು. ಅದು ಪದವಿ, ಬಡ್ತಿಗಾಗಿ ಬರೆಯುವ ಕಾಲವಲ್ಲ. ಓದುವ ಪೌರನೇ ಪತ್ರಿಕೆಯ ಗುರಿ.

ಸಂಶೋಧನಾ ಸಂಸ್ಥೆಗಳ ಕಾಲ

1972ರಲ್ಲಿ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) ಸ್ಥಾಪಿಸಿದ ಮೇಲೆ ನೀತಿ ಸಂಶೋಧನೆ ಪೂರ್ಣಾವಧಿ ವೃತ್ತಿಯಾಯಿತು. 1983ರ ಪಂಚಾಯತಿ ಕಾಯ್ದೆ ಈ ವೃತ್ತಿಗೆ ದೊಡ್ಡ ವಿಷಯ ಒದಗಿಸಿತು. ಆಗಿನ ಪಂಚಾಯತಿ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯ ಈ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೂ ಮುಂಚಿನ ಈ ಪ್ರಯೋಗ ದೇಶವಿದೇಶಗಳ ಪತ್ರಿಕೆಗಳಲ್ಲಿ ಅಧ್ಯಯನದ ವಸ್ತುವಾಯಿತು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ನಜೀರ್ ಸಾಬ್ ಹೆಸರೇ ಇದೆ.

ಐಸೆಕ್ 1998ರಲ್ಲಿ ‘ಜರ್ನಲ್ ಆಫ್ ಸೋಷಿಯಲ್ ಅಂಡ್ ಎಕನಾಮಿಕ್ ಡೆವಲಪ್‌ಮೆಂಟ್’ ಆರಂಭಿಸಿತು. ಬೆಂಗಳೂರಿನ ತಕ್ಷಶಿಲಾ ಸಂಸ್ಥೆ 2020ರಲ್ಲಿ ಹೊರತಂದ ‘ಇಂಡಿಯನ್ ಪಬ್ಲಿಕ್ ಪಾಲಿಸಿ ರಿವ್ಯೂ’ ತಜ್ಞ ವಿಮರ್ಶೆಗೆ ಒಳಪಟ್ಟ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ನೀತಿ ಪತ್ರಿಕೆ.

ಲೇಖನ ಸಲ್ಲಿಕೆಯ ಕ್ರಮ

ಲೇಖನದ ಜೊತೆ ಸಾರಾಂಶ, ಮುಖ್ಯಪದಗಳು, ಗ್ರಂಥಋಣ ಇರಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸುವಂತಿಲ್ಲ. ಲೇಖಕರ ಹೆಸರು, ಊರು, ಸಂಸ್ಥೆಯ ವಿವರ ಬೇರೆ ಪುಟದಲ್ಲಿರುತ್ತವೆ. ಪರಿಶೀಲಕರಿಗೆ ಹೋಗುವ ಪ್ರತಿಯಲ್ಲಿ ಅವುಗಳ ಸುಳಿವೂ ಇರಬಾರದು. ಲೇಖಕರಿಗೆ ಪರಿಶೀಲಕರ ಹೆಸರೂ ತಿಳಿಯುವುದಿಲ್ಲ. ಸಂಪಾದಕರು ಮೊದಲು ವಸ್ತು ತಮ್ಮ ಪತ್ರಿಕೆಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಎಷ್ಟೋ ಲೇಖನಗಳು ಇಲ್ಲಿಂದಲೇ ವಾಪಸಾಗುತ್ತವೆ. ಮುಂದೆ ಹೋದದ್ದನ್ನು ಸಾಮಾನ್ಯವಾಗಿ ಇಬ್ಬರು ಓದುತ್ತಾರೆ. ಸ್ವೀಕಾರ, ಸಣ್ಣ ತಿದ್ದುಪಡಿ, ದೊಡ್ಡ ತಿದ್ದುಪಡಿ, ತಿರಸ್ಕಾರ ಎಂದು ನಾಲ್ಕು ಬಗೆಯ ತೀರ್ಪುಗಳಿವೆ. ತಿದ್ದಿ ಕಳಿಸುವಾಗ ಪ್ರತಿ ಆಕ್ಷೇಪಕ್ಕೂ ಪ್ರತ್ಯೇಕ ಉತ್ತರ ಬರೆಯುವುದು ವಾಡಿಕೆ. ನೀತಿ ಪತ್ರಿಕೆಗಳ ಪರಿಶೀಲಕರು ವಿಶೇಷವಾಗಿ ಕೇಳುವುದು ಎರಡು ಪ್ರಶ್ನೆ: ಕಂಡ ಬದಲಾವಣೆಗೆ ಆ ಯೋಜನೆಯೇ ಕಾರಣವೆಂದು ಹೇಗೆ ಹೇಳುತ್ತೀರಿ? ನಿಮ್ಮ ಶಿಫಾರಸಿಗೆ ಲೇಖನದೊಳಗೇ ಆಧಾರವಿದೆಯೇ?

ಅಂಕ, ಪಟ್ಟಿ, ನಕಲಿ ಪತ್ರಿಕೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2010ರ ನಿಯಮಗಳು ಅಧ್ಯಾಪಕರ ನೇಮಕ, ಬಡ್ತಿಯಲ್ಲಿ ಪ್ರಕಟಿತ ಲೇಖನಗಳಿಗೆ ಅಂಕ ಗೊತ್ತು ಮಾಡಿದವು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಅಚ್ಚಾಗಿರಬೇಕೆಂಬ ಷರತ್ತೂ ಇತ್ತು. ಲೇಖನ ಅಂಕವಾದೊಡನೆ ಹಣ ಪಡೆದು, ಓದದೆ ಅಚ್ಚು ಹಾಕುವ ಪತ್ರಿಕೆಗಳೂ ಹೆಚ್ಚಿದವು. ಯುಜಿಸಿ 2017ರಲ್ಲಿ ಅನುಮೋದಿತ ಪತ್ರಿಕೆಗಳ ಪಟ್ಟಿ ತಂದಿತು. ವಿಶ್ವವಿದ್ಯಾಲಯಗಳೇ ಸೂಚಿಸಿ ಈ ಪಟ್ಟಿಗೆ ಸೇರಿದ್ದ 1,009 ಪತ್ರಿಕೆಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 88 ಗುಣಮಟ್ಟ ಮುಟ್ಟಲಿಲ್ಲವೆಂಬ ಅಧ್ಯಯನ 2018ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲೇ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಆ ಪಟ್ಟಿಯ ಬದಲಿಗೆ ‘ಕೇರ್ ಲಿಸ್ಟ್’ ಬಂತು. 2022ರ ನಿಯಮಗಳು ಪಿಎಚ್.ಡಿ.ಗೆ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟವು. ಕೇರ್ ಪಟ್ಟಿಯೂ 2025ರಲ್ಲಿ ರದ್ದಾಯಿತು. ಪತ್ರಿಕೆಯ ಯೋಗ್ಯತೆ ಅಳೆಯುವ ಹೊಣೆ ಮತ್ತೆ ವಿಶ್ವವಿದ್ಯಾಲಯ, ಕಾಲೇಜುಗಳಿಗೇ ಮರಳಿದೆ.

ಭಾಷೆ

ಕರ್ನಾಟಕ ರಾಜ್ಯಭಾಷಾ ಅಧಿನಿಯಮ 1963ರಲ್ಲಿ ಬಂದು ಕನ್ನಡ ಆಡಳಿತ ಭಾಷೆಯಾಯಿತು. ಡಿ.ವಿ.ಜಿ. ತಮ್ಮ ‘ರಾಜ್ಯಶಾಸ್ತ್ರ’ದಲ್ಲಿ ರಾಜ್ಯಾಡಳಿತದ ವಿಷಯವನ್ನು ಕನ್ನಡದಲ್ಲೇ ವಿಸ್ತಾರವಾಗಿ ಬರೆಯಬಹುದೆಂದು ತೋರಿಸಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ‘ಮಾನವಿಕ ಕರ್ನಾಟಕ’ ಸಮಾಜ ವಿಜ್ಞಾನದ ಲೇಖನಗಳಿಗೆ ಕನ್ನಡದಲ್ಲಿ ಜಾಗ ಕೊಟ್ಟಿತು. ಆದರೂ ಮೇಲೆ ಹೇಳಿದ ನೀತಿ ಪತ್ರಿಕೆಗಳೆಲ್ಲ ಇಂಗ್ಲಿಷಿನವು. ಪಡಿತರವೋ ಪಂಚಾಯತಿಯೋ, ಊರಿನ ಜನ ಸಂಶೋಧಕರಿಗೆ ಉತ್ತರ ಹೇಳುವುದು ಕನ್ನಡದಲ್ಲಿ; ಪಂಚಾಯತಿ ಕಚೇರಿಗೆ ಸುತ್ತೋಲೆ ಬರುವುದೂ ಕನ್ನಡದಲ್ಲೇ. ನಡುವೆ ಆ ಉತ್ತರಗಳನ್ನು ತೂಗಿ ನೋಡುವ ತಜ್ಞ ವಿಮರ್ಶೆ ಮಾತ್ರ ಇಂಗ್ಲಿಷಿನಲ್ಲಿ ನಡೆಯುತ್ತದೆ.