ಗಡಿನಾಡಿನ ಅಧ್ಯಾಪಕ, ಜನಪ್ರತಿನಿಧಿ: ಕಯ್ಯಾರ ಕಿಞ್ಞಣ್ಣ ರೈ

ಭಾಷಾವಾರು ಪ್ರಾಂತರಚನೆಯ ಫಲವಾಗಿ 1953ರಲ್ಲಿ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಂತೆ ಕಾಸರಗೋಡಿನವರೂ ತಮ್ಮ ನಾಡಿನಲ್ಲಿಯೇ ಭಾಷಾ ಅಲ್ಪಸಂಖ್ಯಾತರಾಗಿ ಬಾಳಬೇಕಾಯಿತು. ಆ ಬಾಳಿನ ಎರಡು ಮುಖಗಳು, ಅಂದರೆ ಪ್ರತಿಭಟನೆ ಮತ್ತು ನಿತ್ಯದ ದುಡಿಮೆ, ಕಯ್ಯಾರ ಕಿಞ್ಞಣ್ಣ ರೈಯವರಲ್ಲಿ (1915–2015) ಒಂದಾಗಿ ಕಾಣಿಸುತ್ತವೆ.

ಪೆರಡಾಲದಲ್ಲಿ ಹುಟ್ಟಿದ ರೈಯವರ ಮನೆಮಾತು ತುಳು, ವೃತ್ತಿಯ ಭಾಷೆ ಕನ್ನಡ. ಪತ್ರಿಕೋದ್ಯಮದಲ್ಲಿ ದುಡಿದ ಅವರು ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾದರು. 1969ರಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಅವರಿಗೆ ಸಂದಿತು.

ವಿಲೀನವನ್ನು ವಿರೋಧಿಸಿದವರಿಗೆ ಚುನಾವಣೆಯೂ ಒಂದು ಮಾರ್ಗವಾಗಿತ್ತು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಕೇರಳ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ರೈಯವರು ಕವಿತೆಯಿಂದಲೂ ಭಾಷಣದಿಂದಲೂ ಏಕೀಕರಣ ಚಳವಳಿಯನ್ನು ಪೋಷಿಸಿದರು. ಆದರೆ ಅಧಿಕಾರವನ್ನು ವಹಿಸಿಕೊಂಡದ್ದು ಊರಿನ ಮಟ್ಟದಲ್ಲಿ. ಹಲವು ವರ್ಷ ಅವರು ಬದಿಯಡ್ಕ ಪಂಚಾಯತಿಯ ಅಧ್ಯಕ್ಷರಾಗಿದ್ದರು. ಯಾವ ರಾಜ್ಯಕ್ಕೆ ತಮ್ಮ ನೆಲ ಸೇರಿದ್ದನ್ನು ಅವರು ಒಪ್ಪಲಿಲ್ಲವೋ, ಅದೇ ರಾಜ್ಯದ ಆಡಳಿತದೊಳಗೆ ಊರಿನ ಹೊಣೆ ಹೊತ್ತರು.

ಇದನ್ನು ರಾಜಿಯೆಂದು ಎಣಿಸುವುದು ಸರಿಯಾಗದು. ಗಡಿಯ ತೀರ್ಮಾನ ದೂರದ ರಾಜಧಾನಿಗಳಲ್ಲಿ ಆಗಬೇಕಾದದ್ದು; ಮಕ್ಕಳ ಓದು, ಊರಿನ ರಸ್ತೆ, ಕುಡಿಯುವ ನೀರು ಅಲ್ಲಿಯವರೆಗೆ ಕಾಯಲಾರವು. ರಾಜ್ಯದೊಂದಿಗಿನ ವಿವಾದವನ್ನು ಅವರು ಭಾಷೆಯ ಮೇಲಿನ ದ್ವೇಷವಾಗಿಸಲೂ ಇಲ್ಲ. ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಅವರೇ ಕನ್ನಡಕ್ಕೆ ತಂದರು.

1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1997ರಲ್ಲಿ ಮಂಗಳೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ರೈಯವರಿಗೆ ದೊರೆಯಿತು. ಜನ್ಮಶತಮಾನ ತುಂಬಿದ ಎರಡು ತಿಂಗಳಲ್ಲಿ, 2015ರ ಆಗಸ್ಟ್ 9ರಂದು, ಅವರು ತೀರಿಕೊಂಡಾಗಲೂ ಕಾಸರಗೋಡು ಕೇರಳದಲ್ಲಿಯೇ ಇತ್ತು.

ಗುರಿ ಮುಟ್ಟದ ಚಳವಳಿಯ ನಾಯಕನೆಂದಷ್ಟೇ ರೈಯವರನ್ನು ನೆನೆದರೆ ಚರಿತ್ರೆ ಅಪೂರ್ಣವಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ರಾಜಕಾರಣವನ್ನು ಅಳೆಯುವಾಗ ಗಡಿರೇಖೆಯೊಂದಿಗೆ ತರಗತಿಯನ್ನೂ ಪಂಚಾಯತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಅವರ ಜೀವನ ತೋರಿಸುತ್ತದೆ.